ನಿಕ್ಕಲ್ ನೆಲದಲ್ಲಿ ಇಪ್ಪತ್ತು ದಿನ

ಪರ್ತ್ ವಿಮಾನ ನಿಲ್ದಾಣ

ನನ್ನ ಶೂಗಳನ್ನು ಆಸ್ಟ್ರೇಲಿಯಾ ಸರಕಾರ ತೊಳೆದುಕೊಟ್ಟಿತು. ಹಿಂದಿನ ವಾರ ವಿದ್ಯಾರ್ಥಿಗಳನ್ನು ಕರೆದುಕೊಂಡು ಹೆಬ್ಬಳ್ಳಿಯ ಹೊಲಗಳಲ್ಲಿ ಅಳತೆ ಮಾಡಿಸುವಾಗ ಮೆತ್ತಿಕೊಂಡಿದ್ದ ಎರೆಮಣ್ಣು ಅಡಿಯಲ್ಲಿ ಒಣಗಿ ಕೂತಿತ್ತು. ಹೊರದೇಶದ ಮಣ್ಣು ಒಂದು ಕಣವೂ ಒಳಗೆ ಬರಬಾರದೆಂದು ಅಲ್ಲಿನ ಕಾಯಿದೆ. ಕೈಗವಸು ಹಾಕಿಕೊಂಡ ಅಧಿಕಾರಿ ಶೂಗಳನ್ನು ತಟ್ಟೆಯಲ್ಲಿಟ್ಟುಕೊಂಡು ಒಳಗೆ ಹೋದ. ಹತ್ತು ನಿಮಿಷದ ಮೇಲೆ, ಕೊಂಡ ದಿನವೂ ಅಷ್ಟು ಹೊಳೆಯದಿದ್ದ ಜೋಡನ್ನು ತಂದು ನನ್ನ ಮುಂದಿಟ್ಟ.

ನನ್ನ ಹಿಂದೆ ನಿಂತಿದ್ದ ದಸ್ತಗೀರ ಸಾಹೇಬರು ಇದನ್ನೆಲ್ಲ ನೋಡಿ ಮೆಲ್ಲಗೆ ಕೇಳಿದರು: "ಅಕ್ಕಾರ, ನನ್ನ ಚಪ್ಪಲಿನೂ ಹೊಲಸಾಗ್ಯಾವ. ಕೊಡ್ಲೇನ್ರಿ?"

ದಸ್ತಗೀರ ಸಾಹೇಬರು ನಮ್ಮ ಕಾಲೇಜಿನ ಉಪಕರಣ ವಿಭಾಗದ ಮೇಸ್ತ್ರಿ. ಹುಬ್ಬಳ್ಳಿಯ ದುರ್ಗದಬೈಲಿನ ಹಿಂದಿನ ಓಣಿಯಲ್ಲಿ ಅವರ ಅಪ್ಪ ಮೋಟಾರ್ ವೈಂಡಿಂಗ್ ಮಾಡುತ್ತಿದ್ದರು. ಇವರೂ ಆ ಅಂಗಡಿಯಲ್ಲೇ ತಂತಿ ಸುತ್ತುತ್ತ ಬೆಳೆದವರು. ನಾನು ಧಾರವಾಡದಲ್ಲಿ ಭೂವಿಜ್ಞಾನ ಕಲಿಸುತ್ತೇನೆ. ಸಪ್ತಾಪುರದಲ್ಲಿ ಮನೆ. ಇಪ್ಪತ್ತೆರಡು ವರ್ಷದಿಂದ ನೆಲದೊಳಗಿನ ಅದಿರಿನ ಬಗ್ಗೆ ಪಾಠ ಹೇಳಿದ್ದೇನೆ, ಆದರೆ ಒಂದು ಸಲವೂ ಅದಿರು ಹುಡುಕಿರಲಿಲ್ಲ. ಪಶ್ಚಿಮ ಆಸ್ಟ್ರೇಲಿಯಾದ ಬಯಲಲ್ಲಿ ಹೊಸ ಬಗೆಯ ಕಾಂತಮಾಪಕದಿಂದ ನಿಕ್ಕಲ್ ಹುಡುಕುವ ತಂಡವೊಂದು ತರಬೇತಿಗೆ ಇಬ್ಬರನ್ನು ಕರೆದಾಗ, ಒಬ್ಬರು ಪಾಠ ಬಲ್ಲವರು, ಇನ್ನೊಬ್ಬರು ಕೈಕೆಲಸ ಬಲ್ಲವರು ಇರಬೇಕು ಎಂದು ಬರೆದಿದ್ದರು. ಎರಡನೆಯ ಹೆಸರನ್ನು ನಾನು ಯೋಚಿಸದೆ ಬರೆದೆ. ಇಬ್ಬರಿಗೂ ಅದು ಮೊದಲ ವಿಮಾನ.

ನನ್ನ ಚೀಲದಲ್ಲಿದ್ದ ಖಡಕ್ ರೊಟ್ಟಿಯ ಕಟ್ಟನ್ನು ಅಧಿಕಾರಿ ಬೆರಳಿನಿಂದ ಬಡಿದು ನೋಡಿದ. ಇದು ತಿನ್ನುವುದೋ ಇದರಲ್ಲಿ ತಿನ್ನುವುದೋ ಎಂದು ಕೇಳಿದ. ಒಂದು ಮುರಿದು ತಿಂದು ತೋರಿಸಿದೆ. ಬಿಟ್ಟ.

ಕೆಂಪು ದಾರಿ

ಪರ್ತ್‌ನಿಂದ ಒಂದು ಸಣ್ಣ ವಿಮಾನ, ಅಲ್ಲಿಂದ ಐದು ತಾಸು ಜೀಪು. ಊರು ಬರುತ್ತದೆ, ಊರು ಬರುತ್ತದೆ ಎಂದು ನಾವಿಬ್ಬರೂ ಕಿಟಕಿಗೆ ಮುಖ ಹಚ್ಚಿ ಕೂತಿದ್ದೆವು. ಊರು ಬರಲೇ ಇಲ್ಲ. ಕೆಂಪು ಮಣ್ಣು, ಮೊಣಕಾಲೆತ್ತರದ ಬೂದು ಕುರುಚಲು, ಅಲ್ಲಲ್ಲಿ ಒಂದೊಂದು ನೀಲಗಿರಿ ಜಾತಿಯ ಮರ. ಮೊದಲ ಎರಡು ತಾಸಿನಲ್ಲಿ ನಮಗೆ ಎದುರಾದದ್ದು ಎರಡೇ ವಾಹನ. ಎರಡರ ಚಾಲಕರೂ ಸ್ಟಿಯರಿಂಗ್ ಮೇಲಿನ ಕೈ ತೆಗೆಯದೆ ತೋರುಬೆರಳೊಂದನ್ನೇ ಎತ್ತಿ ಇಳಿಸಿದರು. ಅದು ಅಲ್ಲಿನ ನಮಸ್ಕಾರ. ಮೂರನೆಯ ವಾಹನ ಬಂದಾಗ ದಸ್ತಗೀರ ಸಾಹೇಬರು ಹಿಂದಿನ ಸೀಟಿನಿಂದಲೇ ಬೆರಳೆತ್ತಿದರು.

ಕ್ಯಾಂಪ್ ಎಂದರೆ ತಗಡಿನ ಆರು ಕೋಣೆ, ಒಂದು ಅಡುಗೆಮನೆ, ಒಂದು ನೀರಿನ ಟಾಕಿ. ತಂಡದ ಮುಖ್ಯಸ್ಥ ಮಾರ್ಟಿನ್ ಜರ್ಮನಿಯವನು, ಉದ್ದನೆಯ ಆಸಾಮಿ, ಮಾತು ಕಡಿಮೆ. ಎಲ್ಲಿಂದ ಬಂದಿರಿ ಎಂದು ಕೇಳಿದ. ಧಾರವಾಡ ಎಂದೆ. ಹೊರದೇಶದಲ್ಲಿ ಈ ಹೆಸರು ಹೇಳಿದರೆ ಮುಂದೆ ಬೆಂಗಳೂರು, ಗೋವಾ ಎಂದೆಲ್ಲ ಸೇರಿಸಿ ವಿವರಿಸಬೇಕಾಗುತ್ತದೆ ಎಂದು ಕೇಳಿದ್ದೆ. ಮಾರ್ಟಿನ್ ಮಾತ್ರ ಕಣ್ಣರಳಿಸಿ, "ಕಲ್ಲಿನ ಧಾರವಾಡವೇ?" ಎಂದ.

ಹೌದು, ಕಲ್ಲಿನ ಧಾರವಾಡವೇ. ನಮ್ಮ ಊರಿನ ಹೆಸರು ಹೊತ್ತ ಆ ಹಳೆಯ ಶಿಲೆಗಳನ್ನು ಭೂವಿಜ್ಞಾನ ಓದಿದವರೆಲ್ಲ ಬಲ್ಲರು. ಇಲ್ಲಿನ ಕಲ್ಲೂ ಅದೇ ಕಾಲದ್ದು, ಇನ್ನೂರೈವತ್ತು ಕೋಟಿ ವರ್ಷಕ್ಕೂ ಹಳೆಯದು. ಮರುದಿನ ಬೆಳಿಗ್ಗೆ ಕ್ಯಾಂಪಿನ ಹಿಂದಿನ ದಿಬ್ಬದಲ್ಲಿ ಹಸಿರು ಮಿಶ್ರಿತ ಕಪ್ಪು ಬಂಡೆಯೊಂದನ್ನು ಕಂಡು ನಾನು ಸುಮ್ಮನೆ ಕೈಯಿಟ್ಟು ನಿಂತೆ. ಸಾಗರ ದಾಟಿ ಬಂದು ನಮ್ಮ ಸೋದರಮಾವನ ಮುಖ ನೋಡಿದಂತಾಯಿತು.

ಹೇರ್‌ಪಿನ್ನು, ಕರಡಿಗೆ

ಯಂತ್ರವನ್ನು ಮೂರನೆಯ ದಿನ ತೋರಿಸಿದರು. ನೋಡಲು ದೊಡ್ಡ ಥರ್ಮಾಸ್ ಫ್ಲಾಸ್ಕು, ಅಷ್ಟೇ. ಒಳಗೆ ಬೆರಳ ಉಗುರಿಗಿಂತ ಚಿಕ್ಕದಾದ ಲೋಹದ ಉಂಗುರ. ಕೆಲವು ಲೋಹಗಳನ್ನು ಸೊನ್ನೆಗಿಂತ ಇನ್ನೂರ ಅರವತ್ತೊಂಬತ್ತು ಡಿಗ್ರಿ ಕೆಳಗೆ ತಣ್ಣಗೆ ಮಾಡಿದರೆ ವಿದ್ಯುತ್ತಿಗೆ ಅವು ಒಡ್ಡುವ ತಡೆ ಪೂರ್ತಿ ಇಲ್ಲವಾಗುತ್ತದೆ. ಆಗ ಅವು ಅತಿವಾಹಕ. ಅಂಥ ಉಂಗುರ ಸುತ್ತಲಿನ ಕಾಂತಬಲದಲ್ಲಿ ಎಳೆಯಷ್ಟು ಬದಲಾದರೂ ತಿಳಿಸುತ್ತದೆ. ಅದನ್ನು ಸ್ಕ್ವಿಡ್ ಎನ್ನುತ್ತಾರೆ. ತಣ್ಣಗಿಡಲು ಫ್ಲಾಸ್ಕಿನ ತುಂಬ ದ್ರವರೂಪದ ಹೀಲಿಯಂ.

ಕೆಲಸ ಹೀಗೆ. ನೆಲದ ಮೇಲೆ ದೊಡ್ಡ ಹೊಲದ ಅಗಲಕ್ಕೆ ಚೌಕವಾಗಿ ತಂತಿ ಹಾಸಿ ಕರೆಂಟು ಹಾಯಿಸುತ್ತಾರೆ, ಆಮೇಲೆ ಫಕ್ಕನೆ ನಿಲ್ಲಿಸುತ್ತಾರೆ. ಆ ಕ್ಷಣ ನೆಲದೊಳಗೆ ಸುಳಿಯಂತೆ ಕರೆಂಟು ಹುಟ್ಟುತ್ತದೆ. ಬರಿ ಕಲ್ಲಿದ್ದರೆ ಬೇಗ ಸತ್ತುಹೋಗುತ್ತದೆ. ಆಳದಲ್ಲಿ ನಿಕ್ಕಲ್ ಗಂಧಕದ ಗಟ್ಟಿ ಅದಿರು ಇದ್ದರೆ ಬಹಳ ಹೊತ್ತು ಉಳಿಯುತ್ತದೆ. ಅಂಗಡಿಯಲ್ಲಿ ಕೊಡ ಕೊಳ್ಳುವಾಗ ಬೆರಳಿನಿಂದ ಬಡಿದು ಕಿವಿಗೊಡುತ್ತೇವಲ್ಲ, ಮಣ್ಣಿನದು ಟಪ್ ಎಂದು ನಿಲ್ಲುತ್ತದೆ, ಹಿತ್ತಾಳೆಯದು ಗುಂಯ್‌ಗುಡುತ್ತಲೇ ಇರುತ್ತದೆ, ಹಾಗೆ. ಇಲ್ಲಿನ ಮೇಲ್ಮಣ್ಣು ಉಪ್ಪುಪ್ಪು, ಅದೇ ಬೇಕಾದಷ್ಟು ಗದ್ದಲ ಮಾಡುತ್ತದೆ. ಅದು ಅಡಗಿದ ಮೇಲೂ ಆಳದಿಂದ ಬರುವ ಕ್ಷೀಣ ಉಳಿಕೆಯನ್ನು ಹಿಡಿಯಲು ಸ್ಕ್ವಿಡ್ ಬೇಕು.

ಹತ್ತಿರ ಹೋಗುವವರ ಮೈಮೇಲೆ ಕಬ್ಬಿಣ ಇರಬಾರದು. ಮಾರ್ಟಿನ್ ಒಂದು ದಿಕ್ಸೂಚಿ ಹಿಡಿದುಕೊಂಡು ಒಬ್ಬೊಬ್ಬರನ್ನೂ ಪರೀಕ್ಷಿಸುತ್ತಿದ್ದ. ನನ್ನ ತಲೆಯ ಹತ್ತಿರ ತಂದಾಗ ಮುಳ್ಳು ಕುಣಿಯಿತು. ಹೇರ್‌ಪಿನ್ನು ಒಂಬತ್ತು ಬಿಚ್ಚಿಕೊಟ್ಟೆ. ಆ ಗಾಳಿಯಲ್ಲಿ ನನ್ನ ತುರುಬು ಉಳಿಯುವ ಮಾತೇ ಇರಲಿಲ್ಲ, ಉಳಿದ ದಿನವೆಲ್ಲ ಜಡೆ ಹೆಣೆದುಕೊಂಡು ತಿರುಗಿದೆ. ಆಮೇಲೆ ಅವನ ಕಣ್ಣು ಕೊರಳಿನ ಕರಡಿಗೆಯ ಮೇಲೆ ಬಿತ್ತು. ಇದು ಬೆಳ್ಳಿಯದು, ಒಳಗೆ ಲಿಂಗವಿದೆ, ಹುಟ್ಟಿದಾಗಿನಿಂದ ಮೈಮೇಲಿದೆ, ತೆಗೆಯುವುದಿಲ್ಲ ಎಂದೆ. ದಿಕ್ಸೂಚಿ ಹಿಡಿದ. ಮುಳ್ಳು ಅಲ್ಲಾಡಲಿಲ್ಲ. ಅವನು ತಲೆಬಾಗಿಸಿ ಮುಂದೆ ಹೋದ.

ದಸ್ತಗೀರ ಸಾಹೇಬರಿಗೆ ಆ ಫ್ಲಾಸ್ಕನ್ನು ಕಂಡು ಊಟ ನಿದ್ದೆ ಬೇಡವಾಯಿತು. ಹೀಲಿಯಂ ತುಂಬುವ ಕೊಳವೆ ಹಿಡಿಯುವ ಬಗೆ, ಗಾಳಿಗೆ ಅದುರದಂತೆ ಕುಣಿ ತೋಡಿ ಅದರೊಳಗೆ ಕೂಡ್ರಿಸುವ ಬಗೆ ಎಲ್ಲವನ್ನೂ ಒಂದೇ ಸಲ ನೋಡಿ ಕಲಿತರು. ಅವರ ಇಂಗ್ಲಿಷ್ ಮೂವತ್ತು ಶಬ್ದದ್ದು. ಮಾರ್ಟಿನ್‌ನದು ಮಾತೇ ಇಲ್ಲದ ಸ್ವಭಾವ. ಇಬ್ಬರಿಗೂ ಚೆನ್ನಾಗಿ ಕುದುರಿತು.

ಜೋನ್ ಬಾಯಿಯ ಟೀ

ನಾವು ಅಳೆಯುತ್ತಿದ್ದ ನೆಲದಲ್ಲಿ ದನ ಮೇಯಿಸುವವಳು ಜೋನ್. ಎಪ್ಪತ್ತರ ಹತ್ತಿರದ ವಯಸ್ಸು, ಒಬ್ಬಳೇ, ಜೊತೆಗೊಂದು ನಾಯಿ. ಅವಳ ನೆರೆಮನೆಗೆ ಜೀಪಿನಲ್ಲಿ ಒಂದು ತಾಸಿನ ದಾರಿ. ಐದನೆಯ ದಿನ ನಮ್ಮಿಬ್ಬರನ್ನೂ ಸಂಜೆ ಟೀಗೆ ಕರೆದಳು. ಟೀ ತಾನೇ ಎಂದು ನಾವು ಕ್ಯಾಂಪಿನಲ್ಲಿ ಹೊಟ್ಟೆತುಂಬ ಉಂಡು ಹೋದೆವು. ಅಲ್ಲಿನವರಿಗೆ ಟೀ ಎಂದರೆ ಸಂಜೆಯ ಊಟ. ಮೇಜಿನ ನಡುವೆ ಇಡೀ ಕುರಿಯ ತೊಡೆ ಹಬೆಯಾಡುತ್ತಿತ್ತು.

ನಾನು ಮಾಂಸ ಮುಟ್ಟುವುದಿಲ್ಲ. ದಸ್ತಗೀರ ಸಾಹೇಬರು ಹಲಾಲ್ ಅಲ್ಲದ್ದನ್ನು ತಿನ್ನುವುದಿಲ್ಲ. ಜೋನ್ ನಮ್ಮಿಬ್ಬರ ಮುಖವನ್ನೂ ನೋಡಿದಳು, ಕುರಿಯನ್ನೂ ನೋಡಿದಳು. ನಾನು ತಡವರಿಸುತ್ತ ಕಾರಣ ಹೇಳಿದೆ. ಅವಳು ಜೋರಾಗಿ ನಕ್ಕು ಕುರಿಯನ್ನು ಒಳಗಿಟ್ಟು, ಸುಟ್ಟ ಕುಂಬಳಕಾಯಿ, ಆಲೂಗಡ್ಡೆ, ಬೆಣ್ಣೆಯನ್ನು ನಮ್ಮ ಕಡೆ ಸರಿಸಿದಳು. ನಾನು ಮರುದಿನ ಖಡಕ್ ರೊಟ್ಟಿ, ಅಗಸಿ ಚಟ್ನಿ ಕಳಿಸಿಕೊಟ್ಟೆ. ರೊಟ್ಟಿಯನ್ನು ಅರ್ಧ ತಾನು ತಿಂದು ಅರ್ಧ ನಾಯಿಗೆ ಹಾಕಿದೆ, ಇಬ್ಬರಿಗೂ ಹಿಡಿಸಿತು ಎಂದು ಹೇಳಿಕಳಿಸಿದಳು. ನಾನು ಇದನ್ನು ಹೊಗಳಿಕೆಯೆಂದೇ ತಿಳಿದುಕೊಂಡೆ.

ಒಂಬತ್ತನೆಯ ದಿನ

ಹೀಲಿಯಂ ವಿಚಿತ್ರ ಪದಾರ್ಥ. ಬಳಸಿದರೂ ಕುದ್ದು ಹೋಗುತ್ತದೆ, ಬಿಟ್ಟರೂ ಹೋಗುತ್ತದೆ. ಒಂಬತ್ತನೆಯ ದಿನಕ್ಕೆ ಕ್ಯಾಂಪಿನಲ್ಲಿ ಉಳಿದದ್ದು ಹೆಚ್ಚೆಂದರೆ ಮೂರು ದಿನಕ್ಕೆ ಸಾಲುವಷ್ಟು. ಮುಂದಿನ ಡಬ್ಬಿ ಬರಲು ವಾರಗಳೇ ಬೇಕು. ಅಳೆಯಲು ಉಳಿದದ್ದು ಒಂದೇ ಸಾಲು. ಅಲ್ಲಿಯೂ ಏನೂ ಸಿಗದಿದ್ದರೆ ಈ ಜಾಗ ಬಿಟ್ಟು ಹೊರಡುವುದು ಎಂದು ಖರ್ಚು ಹಾಕಿದವರು ಹೇಳಿದ್ದರು. ಅಳತೆ ಚೆನ್ನಾಗಿ ಬಂದರೆ ಇದೇ ಯಂತ್ರವನ್ನು ನಮ್ಮ ಧಾರವಾಡದ ಶಿಲೆಗಳ ಮೇಲೆ ಪ್ರಯೋಗಿಸಲು ತರುವ ಮಾತನ್ನೂ ಮಾರ್ಟಿನ್ ಆಡಿದ್ದ.

ಅವತ್ತು ಮೊದಲ ಸಲ ಫ್ಲಾಸ್ಕನ್ನು ದಸ್ತಗೀರ ಸಾಹೇಬರೊಬ್ಬರ ಕೈಗೆ ಕೊಟ್ಟರು. ಅವತ್ತೇ ಅಳತೆ ಕೆಟ್ಟಿತು.

ಕಂಪ್ಯೂಟರಿನ ಪರದೆಯ ಮೇಲೆ ನುಣ್ಣಗೆ ಇಳಿಯಬೇಕಾದ ಗೆರೆಯಲ್ಲಿ ಮುಳ್ಳುಗಳೆದ್ದಿದ್ದವು. ಜಾಗ ಬದಲಿಸಿದರು. ತಂತಿ ಪರೀಕ್ಷಿಸಿದರು. ಮಧ್ಯಾಹ್ನದವರೆಗೂ ಮುಳ್ಳು ಹೋಗಲಿಲ್ಲ. ಮಾರ್ಟಿನ್ ನನ್ನನ್ನು ಪಕ್ಕಕ್ಕೆ ಕರೆದು, ಸಾಹೇಬರು ಫ್ಲಾಸ್ಕನ್ನು ಎಲ್ಲಾದರೂ ತಾಕಿಸಿರಬಹುದೇ, ಒಳಗಿನ ಉಂಗುರದ ಬೆಸುಗೆ ಸಡಿಲಾಗಿರಬಹುದು ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಹೆಚ್ಚು ಚುಚ್ಚಿತು. ನಾನು ಕೇಳುತ್ತೇನೆ ಎಂದೆ. ಅಷ್ಟರಲ್ಲಿ ಅವನು ಸಾಹೇಬರನ್ನು ತಂತಿ ಸುತ್ತುವ ಕೆಲಸಕ್ಕೆ ಕಳಿಸಿಬಿಟ್ಟಿದ್ದ.

ಅವರು ಕೆಂಪು ಬಯಲಲ್ಲಿ ಬಗ್ಗಿ ತಂತಿ ಸುತ್ತುತ್ತಿದ್ದರು. ನಾನು ಹತ್ತಿರ ಹೋದಾಗ ತಲೆ ಎತ್ತಲಿಲ್ಲ.

"ನಾ ಅದನ್ನ ಎಲ್ಲೂ ಬಡಿಸಿಲ್ರಿ ಅಕ್ಕಾರ. ಹಸಿಗೂಸು ಹಿಡದ್ಹಂಗ ಹಿಡಿದಿದ್ದೆ. ಅವ್ರು ನಂಬ್ಲಿಲ್ಲಂದ್ರ ನಡೀತೈತಿ. ನೀವು ನಂಬ್ರಿ."

ನಂಬೇನಿ ಎಂದೆ. ತಟ್ಟನೆ ಅಂದುಬಿಟ್ಟೆ. ಆದರೆ ಖರೇ ಹೇಳಬೇಕೆಂದರೆ, ಅವರ ಹೆಸರು ಬರೆದವಳು ನಾನೇ ಎಂಬುದೂ ಯಂತ್ರ ನಮ್ಮೂರಿಗೆ ಇನ್ನು ಬರುವುದಿಲ್ಲ ಎಂಬುದೂ ಆ ಗಳಿಗೆಯಲ್ಲಿ ನನ್ನ ತಲೆಯಲ್ಲಿ ಸುತ್ತುತ್ತಿದ್ದವು.

ಅಡುಗೆಮನೆಯ ರೇಡಿಯೋ

ಮರುದಿನ ಬೆಳಿಗ್ಗೆ ಸಾಹೇಬರು ತಂತಿಯ ಹತ್ತಿರ ಹೋಗದೆ ನೇರ ಪರದೆಯ ಹಿಂದೆ ಬಂದು ನಿಂತರು. ಯಾರೂ ಬೇಡ ಎನ್ನಲಿಲ್ಲ, ಬಾ ಎಂದೂ ಅನ್ನಲಿಲ್ಲ. ಕೈ ಹಿಂದೆ ಕಟ್ಟಿಕೊಂಡು, ತುಟಿ ಅಲ್ಲಾಡಿಸುತ್ತ, ಮುಳ್ಳುಗಳನ್ನೇ ನೋಡುತ್ತ ಕಾಲು ಗಂಟೆ ನಿಂತರು. ಆಮೇಲೆ ನನ್ನ ಕಡೆ ತಿರುಗಿದರು.

"ಅಕ್ಕಾರ, ಕೆಟ್ಟ ಮಷೀನು ಹಿಂಗ ತಾಳ ಹಿಡದು ಬಡಿಯಂಗಿಲ್ರಿ. ಎಣಿಸಿ ನೋಡ್ರಿ. ಒಂದಕ್ಕೂ ಒಂದಕ್ಕೂ ನಡುವ ಅಷ್ಟ ಹೊತ್ತು. ಇದು ಹೊರಗಿಂದ ಬರಾಕತ್ತೈತಿ."

ನಾನು ಕೈಗಡಿಯಾರ ಬಿಚ್ಚಿಟ್ಟು ಬಂದಿದ್ದೆ. ಬಾಯಲ್ಲೇ ಎಣಿಸಿದೆ. ಒಂದು ಸೆಕೆಂಡಿಗಿಂತ ತುಸು ಹೆಚ್ಚು, ಪ್ರತಿ ಸಲವೂ ಅಷ್ಟೇ.

ಅವರು ಆಗಲೇ ಅಡುಗೆಮನೆಯ ಕಡೆ ಹೊರಟಿದ್ದರು. ಅಡುಗೆಯವನ ಹಳೆಯ ಟ್ರಾನ್ಸಿಸ್ಟರ್ ಇಸಿದುಕೊಂಡು, ಯಾವ ನಿಲಯವೂ ಇಲ್ಲದ ಕಡೆ ಮುಳ್ಳು ತಿರುಗಿಸಿ ಕಿವಿಗೆ ಹಿಡಿದರು. ಬರೀ ಸುಂಯ್ ಎನ್ನುವ ಸದ್ದು. ಅದರ ನಡುವೆ ಟಕ್, ಟಕ್, ಟಕ್. ಹುಬ್ಬಳ್ಳಿಯ ಅಂಗಡಿಯಲ್ಲಿ ಗೋಡೆಯೊಳಗೆ ಕಿಡಿ ಹಾರುವ ವೈರನ್ನು ಅವರ ಅಪ್ಪ ಹೀಗೇ ರೇಡಿಯೋ ಹಿಡಿದು ಹುಡುಕುತ್ತಿದ್ದರಂತೆ.

ನಡೆದೆವು. ಪಡುವಣಕ್ಕೆ ಹೋದರೆ ಟಕ್ ಸಣ್ಣಗಾಗುತ್ತಿತ್ತು, ಮೂಡಣಕ್ಕೆ ತಿರುಗಿದರೆ ದೊಡ್ಡದು. ನೊಣದ ಕಾಟಕ್ಕೆ ಇಬ್ಬರೂ ಟೋಪಿಯ ಮೇಲೆ ಬಲೆ ಇಳಿಬಿಟ್ಟುಕೊಂಡಿದ್ದೆವು, ದೂರದಿಂದ ನೋಡಿದವರಿಗೆ ಜೇನು ಬಿಡಿಸಲು ಹೊರಟವರಂತೆ ಕಂಡಿರಬೇಕು. ಮುಕ್ಕಾಲು ತಾಸಿನ ಮೇಲೆ ಜೋನಳ ತಂತಿಬೇಲಿ ಸಿಕ್ಕಿತು. ರೇಡಿಯೋ ಸುತ್ತಿಗೆಯಂತೆ ಬಡಿಯತೊಡಗಿತು. ಬೇಲಿಗುಂಟ ಇನ್ನಷ್ಟು ನಡೆದಾಗ ಸೌರ ಫಲಕದ ಕೆಳಗೆ ಹೊಸ ಪೆಟ್ಟಿಗೆಯೊಂದು ಕಂಡಿತು. ದನ ದಾಟದಂತೆ ಬೇಲಿಗೆ ಸೆಕೆಂಡಿಗೊಂದರಂತೆ ಕರೆಂಟಿನ ಪೆಟ್ಟು ಬಿಡುವ ಪೆಟ್ಟಿಗೆ.

ಸಾಹೇಬರು ಮುಗುಳ್ನಗಲೂ ಇಲ್ಲ. ರೇಡಿಯೋ ಆರಿಸಿ, ಕುರುಚಲಿನ ನೆರಳು ಇದ್ದಷ್ಟರಲ್ಲೇ ಕೂತು, ಮುಖ ಒರೆಸಿಕೊಂಡರು. ನನಗೋ ಕುಣಿಯಬೇಕೆನಿಸಿತು. ಕುಣಿಯಲಿಲ್ಲ, ಆದರೆ ಮರಳಿ ಬರುವಾಗ ಐವತ್ತರ ಹತ್ತಿರದ ನಾನು ಓಡುತ್ತ ಬಂದೆ.

ಎರಡು ಹೋರಿ

ಹಳೆಯ ಬೇಲಿಯಲ್ಲಿ ಕರೆಂಟು ಇಲ್ಲವೆಂದು ಕೆಲಸ ಶುರುವಾಗುವ ಮೊದಲೇ ಕೇಳಿ ತಿಳಿದುಕೊಂಡಿದ್ದರು. ಇರಲೂ ಇಲ್ಲ. ಆದರೆ ಒಂಬತ್ತನೆಯ ದಿನ ಬೆಳಿಗ್ಗೆ ಜೋನ್ ಒಂದು ಎಳೆಯ ಹೋರಿಯನ್ನು ಆ ಕಡೆಯ ಹುಲ್ಲುಗಾವಲಿಗೆ ಹೊಡೆದಿದ್ದಳು. ಬೇಲಿಯ ಈಚೆ ಹಳೆಯ ಹೋರಿ. ಎರಡೂ ಸೇರಿದರೆ ಒಂದು ಉಳಿಯುವುದಿಲ್ಲ. ಅದಕ್ಕೆ ಪೆಟ್ಟಿಗೆ ತಂದು ಕೂಡ್ರಿಸಿದ್ದಳು.

ಅವಳ ಮನೆಗೆ ನಾನೂ ಮಾರ್ಟಿನ್‌ನೂ ಹೋದೆವು. ಪೆಟ್ಟಿಗೆಯ ಕರೆಂಟು ಆರಿಸಲು ಸಾಧ್ಯವೇ ಎಂದು ನಾನೇ ಕೇಳಿದೆ. ಅವಳು ಚಹಾದ ಬಟ್ಟಲು ಕೆಳಗಿಟ್ಟು ಹೋರಿಗಳಿದ್ದ ಕಡೆ ನೋಡಿದಳು. ಅವು ಕಾದಾಡಿ ಒಂದರ ಕಾಲು ಮುರಿದರೆ ಅವಳ ವರುಷದ ಬಾಳು ಮುರಿದಂತೆ, ಅದು ನನಗೂ ಗೊತ್ತಿತ್ತು. ನಮ್ಮೂರಿನಲ್ಲಿ ಅಳತೆಗೆ ಹೋದಾಗ, ಬೆಳೆ ನಿಂತ ಹೊಲದಲ್ಲಿ ಹೆಜ್ಜೆ ಇಡಲು ಅನುಮತಿ ಕೇಳುವ ಮುಜುಗರವೇ ಇಲ್ಲಿಯೂ.

"ಎಷ್ಟು ಹೊತ್ತು ಬೇಕು?" ಎಂದಳು.

ಇವತ್ತು ಸಂಜೆವರೆಗೆ, ನಾಳೆ ಸಂಜೆವರೆಗೆ ಎಂದೆ.

"ಹಾಗಾದರೆ ಬೇಲಿಯ ಬದಲು ನಾನು ಕೂರುತ್ತೇನೆ."

ಎರಡು ಹಗಲು ಅವಳು ಪೆಟ್ಟಿಗೆ ಆರಿಸಿ, ಬೇಲಿಯ ಪಕ್ಕ ತನ್ನ ಹಳೆಯ ಗಾಡಿಯ ಮೇಲೆ ನಾಯಿಯನ್ನು ಕೂರಿಸಿಕೊಂಡು ಕಾದಳು. ಹೋರಿ ಹತ್ತಿರ ಬಂದರೆ ನಾಯಿ ಜಿಗಿಯುತ್ತಿತ್ತು. ಮಾರ್ಟಿನ್ ಕ್ಯಾಂಪಿಗೆ ಬಂದವನೇ ಎಲ್ಲರ ಎದುರು ದಸ್ತಗೀರ ಸಾಹೇಬರ ಕೈ ಹಿಡಿದ. ತಪ್ಪು ನನ್ನದು, ಕೇಳುವ ಮೊದಲೇ ತೀರ್ಮಾನ ಮಾಡಿದೆ ಎಂದ. ಆಮೇಲೆ ಫ್ಲಾಸ್ಕನ್ನು ಅವರ ಕಡೆ ಸರಿಸಿದ. ಸಾಹೇಬರು ಮೊದಲು ಜೇಬು ಮುಟ್ಟಿ ನೋಡಿಕೊಂಡರು, ಕಬ್ಬಿಣ ಏನೂ ಇಲ್ಲವಲ್ಲ ಎಂದು. ಆಮೇಲೆ ಎತ್ತಿಕೊಂಡರು.

ಗೆರೆ ನುಣ್ಣಗೆ ಬಂತು. ಮೊದಲ ಆರು ಜಾಗದಲ್ಲಿ ಏನೂ ಇಲ್ಲ. ಏಳನೆಯ ಜಾಗದಲ್ಲಿ, ಎರಡನೆಯ ದಿನ ಊಟದ ಹೊತ್ತಿಗೆ, ಗೆರೆ ಇಳಿಯುತ್ತ ಇಳಿಯುತ್ತ ಕಡೆಗೆ ಇಳಿಯುವುದನ್ನೇ ಬಿಟ್ಟಿತು. ಮಾರ್ಟಿನ್ "ಮತ್ತೊಮ್ಮೆ" ಎಂದ. ಮತ್ತೊಮ್ಮೆಯೂ ಹಾಗೇ. ಮೂರನೆಯ ಸಲವೂ ಬದಲಾಗಲಿಲ್ಲ. ಇಪ್ಪತ್ತೆರಡು ವರ್ಷ ಕಪ್ಪುಹಲಗೆಯ ಮೇಲೆ ನಾನು ಬರೆದ ಗೆರೆ ಅದು. ಅದನ್ನು ನೆಲವೇ ಬರೆಯುವುದನ್ನು ನೋಡಿದೆ.

ಫ್ಲಾಸ್ಕಿನ ಕುಣಿಯ ಪಕ್ಕ ಕೂತಾಗ ಸಾಹೇಬರಿಗೆ ನಿಜ ಹೇಳಿದೆ. ಅವತ್ತು ನಾನು ಪೂರ್ತಿ ನಂಬಿರಲಿಲ್ಲ ಎಂದೆ.

"ಗೊತ್ತಿತ್ರಿ. ನೀವು ಭಾಳ ಲಗೂ ಹೂಂ ಅಂದ್ರಿ," ಎಂದರು. ಫ್ಲಾಸ್ಕಿನ ಮುಚ್ಚಳ ಒರೆಸುತ್ತ, "ಆದ್ರ ನನ್ನ ಜೋಡಿ ಬಿಸಲಾಗ ನಡದ್ರಲ್ಲ, ಅಷ್ಟ ಸಾಕ್ರಿ."

ಹತ್ತೊಂಬತ್ತನೆಯ ದಿನ

ಗೆರೆ ಒಂದರಿಂದಲೇ ಅದಿರು ಎನ್ನುವಂತಿಲ್ಲ. ಪೆನ್ಸಿಲ್ಲಿನೊಳಗಿನ ಕಪ್ಪು ಪದಾರ್ಥವಿದೆಯಲ್ಲ, ಗ್ರಾಫೈಟು, ಅದೂ ಹೀಗೆಯೇ ಕರೆಂಟು ಹಿಡಿದಿಡುತ್ತದೆ. ಹಬ್ಬ ಮಾಡಿ ಕೊರೆದು, ಪೆನ್ಸಿಲ್ ಕಂಡು ಮರಳಿದ ತಂಡಗಳ ಕಥೆಗಳನ್ನು ಮಾರ್ಟಿನ್ ಊಟದ ಮೇಜಿನಲ್ಲಿ ಒಂದಾದ ಮೇಲೊಂದು ಹೇಳಿದ. ನಮ್ಮ ಪುಣ್ಯಕ್ಕೆ ಕೊರೆಯುವ ಯಂತ್ರ ಹತ್ತಿರದಲ್ಲೇ ಬೇರೊಂದು ಕೆಲಸ ಮುಗಿಸಿ ನಿಂತಿತ್ತು. ಏಳನೆಯ ಜಾಗಕ್ಕೆ ತಂದರು. ಆರು ದಿನ ಅದು ಗುಡುಗಿತು. ದಿನವೂ ಹೋಗಿ ನೋಡುತ್ತಿದ್ದೆ. ಬರುತ್ತಿದ್ದದ್ದು ಬೂದು ಕಲ್ಲು, ಹಸಿರು ಕಲ್ಲು, ಮತ್ತೆ ಬೂದು ಕಲ್ಲು.

ನಾವು ಹೊರಡುವ ಹಿಂದಿನ ದಿನ, ಬೆಳಿಗ್ಗೆ ಹತ್ತರ ಸುಮಾರು, ಕೊರೆಯುವವನು ಯಂತ್ರ ನಿಲ್ಲಿಸಿ ಕೈ ಬೀಸಿದ. ಎಲ್ಲರೂ ಓಡಿದೆವು. ಸುದ್ದಿ ತಿಳಿದು ಜೋನ್ ಕೂಡ ನಾಯಿಯೊಂದಿಗೆ ಬಂದಿದ್ದಳು. ಕೊಳವೆಯಿಂದ ಜಾರಿದ ಕಲ್ಲಿನ ಉರುಳೆ, ಮೊಳದುದ್ದದ್ದು, ಕೆಸರು ಮೆತ್ತಿಕೊಂಡು ತಟ್ಟೆಯಲ್ಲಿ ಬಿತ್ತು. ಕಪ್ಪಾಗಿ ಕಂಡಿತು. ಪೆನ್ಸಿಲ್ ಎಂದು ಯಾರೋ ಗೊಣಗಿದರು. ಮಾರ್ಟಿನ್ ಕದಲಲಿಲ್ಲ. ನಾನೇ ಮಗ್ಗಿನಿಂದ ನೀರು ಸುರಿದೆ.

ಕೆಸರು ಇಳಿಯಿತು. ಕೆಳಗೆ ಕಂಚಿನ ಬಣ್ಣ, ನಿಕ್ಕಲ್ ಗಂಧಕದ ಅದಿರಿನ ಬಣ್ಣ. ಅಂಚಿನಿಂದ ಅಂಚಿಗೆ ಗಟ್ಟಿ, ಕಲ್ಲೇ ಇಲ್ಲದ ಹಾಗೆ, ಬಿಸಿಲಿಗೆ ಧಗಧಗ ಎನ್ನುತ್ತಿತ್ತು.

ದಸ್ತಗೀರ ಸಾಹೇಬರು ಮುಂದೆ ಬಂದು ಅಂಗಿಯ ಜೇಬಿನಿಂದ ತಮ್ಮ ಮಲ್ಟಿಮೀಟರ್ ತೆಗೆದರು. ಕೆಂಪು ಕಡ್ಡಿಯನ್ನು ಉರುಳೆಯ ಆ ತುದಿಗೆ, ಕಪ್ಪು ಕಡ್ಡಿಯನ್ನು ಈ ತುದಿಗೆ ಹಚ್ಚಿದರು. ಮೀಟರು ಕೀಂ ಎಂದಿತು. ಕಲ್ಲಿನೊಳಗೆ ಕರೆಂಟು ಹರಿದಿತ್ತು, ತಾಮ್ರದ ತಂತಿಯೊಳಗೆ ಹರಿದಂತೆ.

ಮಾರ್ಟಿನ್ ಕಡ್ಡಿ ಇಸಿದುಕೊಂಡು ತಾನೂ ಹಚ್ಚಿದ. ಕೀಂ. ಕೊರೆಯುವವನು ಎಣ್ಣೆಗೈ ಒರೆಸಿಕೊಂಡು ಹಚ್ಚಿದ. ಕೀಂ. ಜೋನ್ ಕನ್ನಡಕ ಏರಿಸಿಕೊಂಡು, ಹೆದರಿ ಹೆದರಿ ಹಚ್ಚಿ, ಸದ್ದು ಬಂದ ಕೂಡಲೇ ಕೈ ಹಿಂದಕ್ಕೆ ಎಳೆದುಕೊಂಡು ನಕ್ಕಳು. ನನ್ನ ಸರದಿ ಕಡೆಗೆ ಬಂತು. ಎರಡೂ ಕಡ್ಡಿಗಳನ್ನು ಒತ್ತಿಹಿಡಿದೆ, ಬಿಡಲಿಲ್ಲ. ಆ ಕೆಂಪು ಬಯಲಿನಲ್ಲಿ, ಗಾಳಿಯ ನಡುವೆ, ಇನ್ನೂರೈವತ್ತು ಕೋಟಿ ವರ್ಷ ಬಿಸಿಲು ಕಾಣದಿದ್ದ ಕಲ್ಲು ನನ್ನ ಕೈಯಲ್ಲಿ ಕೀಂಗುಡುತ್ತಲೇ ಇತ್ತು. ಸಾಹೇಬರು ಕಡೆಗೆ ಹೇಳಬೇಕಾಯಿತು, "ಬಿಡ್ರಿ ಅಕ್ಕಾರ, ಮೀಟರಿನ ಶೆಲ್ ಮುಗದ ಹೋಗ್ತಾವು."